ಮಲಗಬೇಡಿ ಎಂದು ಕೂಗುವ ದೆಲ್ಫಿನೊ

"ಏಳ್ರಮ್ಮಾ, ಏಳ್ರೀ! ಸೈಲಾ ಆಗ್ಲೇ ಜೋಲಿ ಹತ್ತಾಯ್ತು!"

ಇನ್ನೂ ಬೆಳಕು ಹರಿದಿಲ್ಲ. ದ್ವೀಪದ ಇಕ್ಕಟ್ಟು ಓಣಿಗಳಲ್ಲಿ ಕೋಲು ಕುಟ್ಟುತ್ತ ದೆಲ್ಫಿನೊ ಬರುತ್ತಿದ್ದಾರೆ. ಬಿದಿರ ಗೋಡೆಯಾಚೆಯಿಂದ ಮುದುಕಿಯೊಬ್ಬಳು, "ನಿನ್ನ ಗಂಟಲು ಕಟ್ಟಿಹೋಗ!" ಎಂದು ಶಪಿಸುತ್ತಾಳೆ. "ಗಂಟಲು ಕಟ್ಟಿದ್ರೆ ಬಾಗಿಲು ಬಡೀತೀನಿ, ಏಳಜ್ಜೀ" ಎಂದು ನಗುತ್ತ ಇವರು ಮುಂದಿನ ಮನೆಗೆ.

ಗುನಾ ಜನರ ಈ ಊರಿನಲ್ಲಿ ಹರೆಯದಿಂದಲೂ ಅವರದು ಇದೇ ಕೆಲಸ. ಬೆಳಿಗ್ಗೆ ಹೆಂಗಸರನ್ನು, ಸಂಜೆ ಗಂಡಸರನ್ನು ಸಭಾಮನೆಗೆ ಕರೆತರಬೇಕು. ಊರ ಹಿರಿಯರಾದ ಸೈಲಾ ಜೋಲಿಯಲ್ಲಿ ಒರಗಿ ಬಾಬಾ ದೇವರ ಕಥೆ ಹಾಡುವಾಗ ಯಾರೂ ತೂಕಡಿಸದಂತೆ ಕಾಯಬೇಕು. ಯಾರ ತಲೆ ವಾಲಿದರೂ ಸರಿ, ಮಾಡು ಹಾರಿಹೋಗುವಂತೆ ಒಂದು ಕೂಗು: "ಮಲಗಬೇಡೀ!" ಮಡಿಲ ಕೂಸುಗಳೂ ಬೆಚ್ಚಿಬಿದ್ದು ಅಳುತ್ತವೆ. ಸಂಬಳ ಗಿಂಬಳ ಏನಿಲ್ಲ, ಸಿಗುವುದೆಲ್ಲ ಬೈಗುಳವೇ.

ಅವರು ಮೊಟ್ಟಮೊದಲು ಎಬ್ಬಿಸಿದ್ದು ಯಾರನ್ನು ಗೊತ್ತೇ? ಹೆಣ್ಣು ಕೊಟ್ಟ ಮಾವನನ್ನು! "ಮದ್ವೆಯಾಗಿ ಅವರ ಮನೇಲೇ ಇದ್ದೆ ನೋಡಿ. ಆಮೇಲೆ ಎಷ್ಟೋ ದಿನ ನನ್ನ ಪಾಲಿಗೆ ಬಂದದ್ದು ಬರೀ ಮೀನಿನ ಬಾಲ" ಎನ್ನುತ್ತಾರೆ.

ಹಾಗೆಂದು ಇದು ತಮಾಷೆಯ ಕೆಲಸವಲ್ಲ. "ಹಾಡು ನಡೀವಾಗ ನಿದ್ದೆ ಹೋದ್ರೆ ಪೀಡೆಗಳು ಊರೊಳಗೆ ನುಗ್ತವೆ ಅಂತಾರೆ ಹಿರೀಕರು. ಗೊತ್ತಿದ್ದೂ ಒಬ್ಬರನ್ನ ಮಲಗೋಕೆ ಬಿಟ್ರೆ ಮುಗೀತು, ಕೋಲು ಒಪ್ಪಿಸಿ ಮನೇಗೆ ಹೋಗ್ಬೇಕು. ಈ ಕೋಲು ಬಿಟ್ರೆ ನಂಗೇನಿದೆ?"

ಮನೆಯಲ್ಲಿರುವುದು ಹೆಂಡತಿ ಇನಾದಿಲಿ ಮಾತ್ರ. ಹೋದ ಮಳೆಗಾಲದಲ್ಲಿ ಇದ್ದೊಬ್ಬ ಮಗಳು ಜ್ವರ ಬಂದು ತೀರಿಕೊಂಡಳು. ದೋಣಿಯಲ್ಲಿ ಆಚೆ ದಡಕ್ಕೆ ಒಯ್ದು, ಅವಳ ಜೋಲಿಯಲ್ಲೇ ಮಲಗಿಸಿ ಮಣ್ಣು ಮಾಡಿದರು. ದಿನವೂ ಆ ದಡದ ಹೊಳೆಯಿಂದ ನೀರು ತರಲು ಹೋಗುವ ಇನಾದಿಲಿ ಸಮಾಧಿಯ ಬಳಿ ಕೂತು ಮಗಳಿಗೆ ಮನೆಯ ಸುದ್ದಿ ಹೇಳಿ ಬರುತ್ತಾರೆ. ಮಗಳು ಹೋದಂದಿನಿಂದ ಅವರಿಗೆ ನಿದ್ದೆಯೇ ಇಲ್ಲ. ನಾಟಿ ವೈದ್ಯರ ಬೇರು, ಕೋಕೋ ಬೀಜದ ಹೊಗೆ, ಯಾವುದೂ ನಾಟಲಿಲ್ಲ. "ಊರಿನವರ ನಿದ್ದೆಯೆಲ್ಲ ಓಡಿಸ್ದೆ, ನಮ್ಮನೇದೂ ಓಡಿಹೋಯ್ತು" ಎಂದು ನಗಲು ಹೋದ ದೆಲ್ಫಿನೊ ಕಣ್ಣೊರೆಸಿಕೊಳ್ಳುತ್ತಾರೆ. ಪಾಪ, ಕೇಳಿದವರಿಗೂ ನಗು ಬರುವುದಿಲ್ಲ.

ಇವತ್ತು ಇನಾದಿಲಿ ಸಭೆಗೆ ಬಂದಿದ್ದಾರೆ, ಮಗಳು ಹೋದ ಮೇಲೆ ಇದೇ ಮೊದಲು. ಮಡಿಲಲ್ಲಿ ರವಿಕೆಗೆ ಕೂಡಿಸುವ ಬಣ್ಣದ ಬಟ್ಟೆ, ಕೈಯಲ್ಲಿ ಸೂಜಿ. ಸತ್ತವರು ದೋಣಿಯೇರಿ ಬಾಬಾನ ಮನೆ ಸೇರುವ ದಾರಿಯನ್ನು ಸೈಲಾ ಹಾಡುತ್ತಿದ್ದಾರೆ. ಕೇಳುತ್ತ ಕೇಳುತ್ತ ಇನಾದಿಲಿಯ ಸೂಜಿ ನಿಲ್ಲುತ್ತದೆ. ಕಣ್ಣು ಮುಚ್ಚುತ್ತವೆ. ತಲೆ ಪಕ್ಕದವಳ ಹೆಗಲಿಗೆ ಒರಗುತ್ತದೆ.

ಸಭೆಗೆ ಸಭೆಯೇ ದೆಲ್ಫಿನೊನ ಮುಖ ನೋಡುತ್ತದೆ. ಕೂಗಲು ತೆರೆದ ಬಾಯಿ ಹಾಗೇ ಇದೆ. ಆಮೇಲೆ ಸದ್ದಾಗದಂತೆ ನಡೆದುಹೋಗಿ, ಕೋಲನ್ನು ಸೈಲಾನ ಜೋಲಿಯ ಕೆಳಗಿಟ್ಟು ಬಂದು ಹೆಂಡತಿಯ ಪಕ್ಕ ಕೂರುತ್ತಾರೆ. ಇನಾದಿಲಿಯ ತಲೆಯನ್ನು ಮೆತ್ತಗೆ ತಮ್ಮ ಹೆಗಲಿಗೆ ತಂದುಕೊಳ್ಳುತ್ತಾರೆ.

ಹಾಡು ಮುಗಿದರೂ ಒಬ್ಬ ಹೆಂಗಸೂ ಏಳುವುದಿಲ್ಲ. ಸೈಲಾ ಇಳಿದು ಎದುರಿಗೆ ಬಂದು ನಿಂತು, "ಏನೋ ದೆಲ್ಫಿನೊ ಇದು, ಕೋಲು ಅಲ್ಲಿಟ್ಟಿದ್ದೀಯ?" ಎಂದು ಕೇಳುತ್ತಾರೆ.

"ಯಾರಿಗೆ ಬೇಕಾದ್ರೂ ಕೊಡಿ ಅಜ್ಜಾ" ಎಂದು ಪಿಸುಗುಡುತ್ತಾರೆ ದೆಲ್ಫಿನೊ. "ಆದ್ರೆ ಸ್ವಲ್ಪ ಮೆಲ್ಲಗೆ ಮಾತಾಡಿ."