ಅತ್ತಿಗೆಯ ಮೊಣಕೈ, ನನ್ನ ಹುಣಸೆ ಕೋಲು

ನಮ್ಮೂರಿನಲ್ಲಿ ಅತ್ತಿಗೆಯನ್ನು ಕೋಲಿನಿಂದ ಹೊಡೆದು ಶಹಬ್ಬಾಸ್ ಅನ್ನಿಸಿಕೊಂಡ ನಾದಿನಿ ನಾನೊಬ್ಬಳೇ ಇರಬೇಕು. ಹೊಡೆದದ್ದು ಎರಡು ವರ್ಷದ ಹಿಂದೆ, ಮಿಡಿಗೇಶಿ ಹತ್ತಿರದ ನಮ್ಮ ಹೊಲದ ಬೋರ್‌ವೆಲ್ ಪಕ್ಕದಲ್ಲಿ. ಮೋಟರ್ ಹಾಕಲು ಹೋದ ಅತ್ತಿಗೆಯ ಬಲಗೈ ಸ್ಟಾರ್ಟರ್ ಪೆಟ್ಟಿಗೆಗೆ ಅಂಟಿಕೊಂಡಿತು. ಅವರು ಕೂಗಲಿಲ್ಲ. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು. ನಾನು ಫಿಸಿಕ್ಸ್ ಓದಿದವಳು. ವಿದ್ಯುತ್ತು ಯಾವುದರಲ್ಲಿ ಹರಿಯುತ್ತದೆ, ಯಾವುದರಲ್ಲಿ ಹರಿಯುವುದಿಲ್ಲ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದವಳು. ಆದರೂ ಹತ್ತು ಹೆಜ್ಜೆ ದೂರದಲ್ಲಿ ಮೈಲಿಗಲ್ಲಿನಂತೆ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಹುಣಸೆಕಾಯಿ ಬಡಿಯುವ ಒಣ ಕೋಲು ಕೈಗೆ ಸಿಕ್ಕಿತು. ಕಾಯಿ ಬಡಿದ ಹಾಗೆಯೇ ಬಡಿದೆ. ಏಟು ಮೊಣಕೈಗೆ ಬಿತ್ತು, ಕೈ ಪೆಟ್ಟಿಗೆಯಿಂದ ಬಿಟ್ಟುಕೊಂಡಿತು, ಅತ್ತಿಗೆ ಬದುಕಿದರು.

ಮೊಣಕೈಯಿಂದ ಕಿರುಬೆರಳಿನ ತನಕ ಶುರುವಾದ ಉರಿ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಮೆಣಸಿನಕಾಯಿ ಹಚ್ಚಿದ ಹಾಗೆ ಇರುತ್ತದಂತೆ. ಮುದ್ದೆ ತೊಳಸುವುದು ಅವತ್ತಿನಿಂದ ನನ್ನ ಪಾಲಿಗೆ ಬಂತು. ಕೈ ಉರಿದಾಗಲೆಲ್ಲ ಅತ್ತಿಗೆ ಒಂದೇ ತಮಾಷೆ ಮಾಡುತ್ತಾರೆ: "ಕರೆಂಟ್ ಪಾಪ ಮುಟ್ಟಿ ಬುಡ್ತು ಕಣೆ. ನಿನ್ನ ಏಟೇ ಬುಡ್ಲಿಲ್ಲ." ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಪಾತ್ರೆ ತೊಳೆಯುವಾಗ ಅದೇ ಹತ್ತು ಹೆಜ್ಜೆಯನ್ನು ಮತ್ತೆ ಎಣಿಸುತ್ತೇನೆ. ಏಟು ಸ್ವಲ್ಪ ಮೇಲೆ ಬಿದ್ದಿದ್ದರೆ? ಮೆಲ್ಲಗೆ ಬಡಿದಿದ್ದರೆ? ನೋವು ಕರೆಂಟಿನದೋ, ಕೋಲಿನದೋ?

ಆದ್ದರಿಂದ ಮಧುಗಿರಿಯ ಡಾಕ್ಟರು ನರದ ಪರೀಕ್ಷೆ ಮಾಡಿಸೋಣ ಎಂದಾಗ ಅತ್ತಿಗೆಗಿಂತ ನಾನೇ ಹೆಚ್ಚು ಹೆದರಿದೆ. ನನ್ನ ಪಾಲಿಗೆ ಅದು ಪರೀಕ್ಷೆಯಲ್ಲ, ತೀರ್ಪು.

ನಮ್ಮ ಕಡೆ ನರ ಎಂದರೆ ಗ್ಲೂಕೋಸ್ ಸೂಜಿ ಚುಚ್ಚುವಾಗ ಸಿಗದೆ ಸತಾಯಿಸುವ ಹಸಿರು ಗೆರೆಯೂ ಹೌದು. ಅತ್ತಿಗೆ ಅದನ್ನೇ ನಂಬಿ, ಹಿಂದಿನ ದಿನವೆಲ್ಲ ನರ ಚೆನ್ನಾಗಿ ಎದ್ದು ಕಾಣಲಿ ಎಂದು ಚೊಂಬುಗಟ್ಟಲೆ ನೀರು ಕುಡಿದರು. ಬೆಳಗ್ಗೆ ತಿಂಡಿ ಬಿಟ್ಟರು. ಹೊರಡುವ ಮುಂಚೆ ಮರ್ಯಾದೆಗೆ ಎಂಬಂತೆ ತೋಳಿನ ತುಂಬ ಹರಳೆಣ್ಣೆ ತಿಕ್ಕಿಕೊಂಡರು. ಮೂರೂ ತಪ್ಪು ಎಂದು ಆಸ್ಪತ್ರೆಗೆ ಹೋದ ಮೇಲೆ ತಿಳಿಯಿತು. ಇದು ರಕ್ತದ ನರವಲ್ಲ, ಮಿದುಳಿಗೂ ಕೈಗೂ ಸುದ್ದಿ ಮುಟ್ಟಿಸುವ ನರ. ಖಾಲಿ ಹೊಟ್ಟೆ ಬೇಕಿಲ್ಲ, ಉಂಡೇ ಬರಬಹುದು. ಎಣ್ಣೆಯಂತೂ ಕೂಡದು, ಅಂಟಿಸುವ ಪಟ್ಟಿ ಜಾರುತ್ತದೆ. ಯಂತ್ರ ನೋಡಿಕೊಳ್ಳುವ ಹುಡುಗಿ ಅತ್ತಿಗೆಯನ್ನು ನಲ್ಲಿಗೆ ಕಳಿಸಿ ಎರಡು ಸಲ ಸೋಪು ಹಾಕಿಸಿದಳು. ತಣ್ಣೀರಿಗೆ ಕೈ ಮಂಜಾಯಿತು. ಕೈ ತಣ್ಣಗಿದ್ದರೆ ನರ ನಿಧಾನ ಓಡಿದ ಹಾಗೆ ತೋರಿಸುತ್ತದೆ ಎಂದು ಟವೆಲ್ ಸುತ್ತಿ ಬೆಚ್ಚಗಾಗುವ ತನಕ ಕೂರಿಸಿದಳು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ ಎಂದೂ ಕೇಳಿದಳು.

ಅವಳು ಪಾವಗಡದ ಕಡೆಯವಳು, ರಾಯಚರ್ಲು ಎಂಬ ಊರು, ಮಾತಿನಲ್ಲಿ ತೆಲುಗು ಬೆರೆತಿತ್ತು. ನರಕ್ಕೆ ಸಣ್ಣದಾಗಿ ಕರೆಂಟ್ ಕೊಟ್ಟು ನೋಡುತ್ತಾರೆಂದು ತಿಳಿದು ಅತ್ತಿಗೆ, ಕರೆಂಟ್ ಎಂದರೆ ಭಯ ಎಂದಾಗ ನಕ್ಕಳು. "ಮಾ ಊರಲ್ಲಿ ಹೊಲದಾಗೆ ಕರೆಂಟೇ ಬೆಳೆ ಅಕ್ಕಾ, ಸೋಲಾರು. ನಾನು ಕೊಡೋದು ಅದ್ರಲ್ಲಿ ಒಂದು ಕಾಳು."

ಅತ್ತಿಗೆಯನ್ನು ಮಂಚದ ಮೇಲೆ ಮಲಗಿಸಿ ಒಂದು ಕಾಳು ಕೊಟ್ಟಳು. ಮಣಿಕಟ್ಟಿನ ಮೇಲೆ ಚಿಟಿಕೆ ಹೊಡೆದಂತೆ ಟಕ್ ಅಂದಿತು, ಅತ್ತಿಗೆಯ ಕಿರುಬೆರಳು ಕುಣಿಯಿತು. ಮೊಣಕೈ ಹತ್ತಿರ ಇನ್ನೊಂದು, ಜೋರಾಗಿ. ಈ ಸಲ ನಾಲ್ಕು ಬೆರಳೂ ತಮ್ಮಷ್ಟಕ್ಕೆ ತಾವೇ ಕುಣಿದವು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ನಾನು ಎದ್ದು ನಿಂತಿದ್ದೆ, ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ನನ್ನ ಕೈಯಲ್ಲಿತ್ತು, ಅದರ ಒದ್ದೆ ಬಟ್ಟೆಯಿಂದ ನನ್ನ ಕಾಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಈ ಸಲ ಹತ್ತು ಹೆಜ್ಜೆ ದೂರ ನಿಂತಿರಲಿಲ್ಲ.

ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು. ಅತ್ತಿಗೆ ಮಲಗಿದಲ್ಲಿಂದಲೇ ಹೇಳಿದರು: "ಅವ್ಳನ್ನ ಮೊದ್ಲು ಆಚೆಗೆ ಕಳ್ಸವ್ವ. ಇನ್ನೊಂದು ಕಿತ ಉಳಿಸಿಬುಟ್ಟಾಳು."

ಹುಡುಗಿ ಆಚೆ ಕಳಿಸಲಿಲ್ಲ, ಕೋಲನ್ನು ಮಾತ್ರ ಕಸಿದುಕೊಂಡಳು. ಆಮೇಲೆ ಡಾಕ್ಟರು ಬಂದು ಸಣ್ಣ ಸೂಜಿಯನ್ನು ತೋಳಿನ ಮಾಂಸಕ್ಕೆ ಚುಚ್ಚಿ, "ಮುಷ್ಟಿ ಕಟ್ಟಿ, ಬಿಡಿ" ಎಂದರು. ಇದರಲ್ಲಿ ಕರೆಂಟ್ ಇಲ್ಲ, ಸೂಜಿ ಸುಮ್ಮನೆ ಕಿವಿಗೊಡುತ್ತದೆ. ಮುಷ್ಟಿ ಕಟ್ಟಿದಾಗ ಯಂತ್ರದೊಳಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು. "ಒಗ್ಗರಣೆ ಸೀದೋಯ್ತದೆ, ಇಳಿಸಿ," ಎಂದರು ಅತ್ತಿಗೆ, ಹಲ್ಲು ಕಚ್ಚಿಕೊಂಡೇ. ಚುಚ್ಚಿದ ಕಡೆ ಒಂದೆರಡು ದಿನ ನೋಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ನೋಯಿತು.

ಕಾಗದ ಕೈಗೆ ಬಂದಾಗ ನಾನು ಕೇಳಿಯೇಬಿಟ್ಟೆ, ನನ್ನ ಏಟು ಎಲ್ಲಾದರೂ ಕಾಣುತ್ತದಾ ಎಂದು. ಏಟಿಗೆ ನರ ಜಜ್ಜಿದ್ದರೆ ಮೊಣಕೈ ಹತ್ತಿರ ಸುದ್ದಿ ತಡೆದು ತಡೆದು ಹೋಗುತ್ತಿತ್ತು, ಇಲ್ಲಿ ನೆಟ್ಟಗೆ ಹೋಗಿದೆ, ಎಲ್ಲ ನಾರ್ಮಲ್ ಎಂದರು ಡಾಕ್ಟರು. ಎರಡು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟೆ. ಪಕ್ಕಕ್ಕೆ ತಿರುಗಿದರೆ ಅತ್ತಿಗೆಯ ಮುಖ ಬಾಡಿಹೋಗಿತ್ತು.

"ಎಲ್ಲಾ ಸರಿಯಾಗೈತೆ ಅಂದ್ರೆ," ಎಂದರು ಮೆಲ್ಲಗೆ, "ನಾನು ಸುಳ್ಳು ಹೇಳ್ತಿದೀನಾ ಸಾರ್?"

ನನಗೆ ಬಿಡುಗಡೆ ಕೊಟ್ಟ ಮಾತೇ ಅವರನ್ನು ಕಟಕಟೆಗೆ ಹತ್ತಿಸಿತ್ತು. ಅದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಈ ಯಂತ್ರಕ್ಕೆ ದಪ್ಪ ನರದ ಮಾತಷ್ಟೇ ಕೇಳಿಸುತ್ತದೆ, ನೋವು ಉರಿ ಹೊರುವ ನೂಲಿನೆಳೆಯಂಥ ನರಗಳ ಮಾತು ಕೇಳಿಸುವುದಿಲ್ಲ ಎಂದರು. ನಿಮ್ಮ ನೋವು ಇದೆ, ಅದನ್ನು ನಾನು ಈ ಕಾಗದ ಕೇಳಿ ನಂಬಬೇಕಿಲ್ಲ ಎಂದರು. ಬೇರೆ ಮಾತ್ರೆ ಬರೆದರು. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಬಸ್ಸು ಅರ್ಧ ದಾರಿ ಬಂದಾಗ ಅತ್ತಿಗೆ, ನೋವು ಕೋಲಿನದಲ್ಲ ಅಂತ ಕಾಗದದಲ್ಲಿ ಬರೆದಿದ್ದಾರಾ ಎಂದು ಕೇಳಿದರು. ಹೆಚ್ಚುಕಮ್ಮಿ ಹಾಗೇ ಎಂದೆ. ಕಾಗದವನ್ನು ನನ್ನ ಕೈಯಿಂದ ತಗೊಂಡು ನಾಲ್ಕಾಗಿ ಮಡಿಸಿ ಕುಪ್ಪಸದೊಳಗೆ ಸೇರಿಸಿದರು. "ಮನೇಲಿ ಯಾರಿಗೂ ಹೇಳ್ಬೇಡ. ಏಟು ನಿಂದೇ ಅಂತಿರ್ಲಿ. ಇಲ್ದಿದ್ರೆ ಮುದ್ದೆ ಯಾರ್ ತೊಳಸ್ತಾರೆ?"

ಸಂಜೆ ಎಸರಿಟ್ಟು ಹಿಟ್ಟು ಹಾಕಿ ಮುದ್ದೆ ಕೋಲು ಎತ್ತಿಕೊಂಡೆ. ಒಲೆಯ ಪಕ್ಕ ನಿಂತಿದ್ದ ಅತ್ತಿಗೆ, ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.