ಅಕ್ಕನ ಮಗಳಿಗೆ ಒಂದು ಕೋಣೆ

ನನ್ನ ಗಂಡ ನನಗೆ ಹೊಡೆಯುತ್ತಿದ್ದ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಹನ್ನೊಂದು ವರ್ಷ ಇದನ್ನು ಬಾಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ನಕ್ಕಿದ್ದೇನೆ, ಯುಗಾದಿಗೆ ಹೋಳಿಗೆ ತಟ್ಟಿದ್ದೇನೆ. ಅವನನ್ನು ಏಕವಚನದಲ್ಲಿ ಬರೆಯುವ ಧೈರ್ಯವೂ ಈಚೆಗೆ ಬಂದದ್ದು.

ಅವನು ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ್. ಡಿಡ್ಸ್‌ಬರಿಯ ನಮ್ಮ ಬೀದಿಯಲ್ಲಿ ಎರಡು ಮನೆಗೊಬ್ಬ ಡಾಕ್ಟರ್ ಇದ್ದರು, ಎಲ್ಲರಿಗೂ ಅವನೆಂದರೆ ಪ್ರೀತಿ. ಊರಿಗೆ ಉಪಕಾರಿ, ಮನೆಗೆ ಮಾರಿ. ಎಲ್ಲಿ ಹೊಡೆದರೆ ಕಾಣುವುದಿಲ್ಲ ಎನ್ನುವುದು ಅವನಿಗೆ ಓದಿಯೇ ಗೊತ್ತಿತ್ತು: ತೋಳಿನ ಮೇಲ್ಭಾಗ, ಪಕ್ಕೆ, ತಲೆಯಲ್ಲಿ ಕೂದಲು ದಟ್ಟವಾಗಿರುವ ಕಡೆ. ಅವನ ರೋಟಾ, ಅಂದರೆ ಡ್ಯೂಟಿಯ ಪಟ್ಟಿ, ಫ್ರಿಜ್ಜಿನ ಬಾಗಿಲ ಮೇಲಿರುತ್ತಿತ್ತು. ರಾತ್ರಿಯಿಡೀ ಆನ್‌ಕಾಲ್ ಡ್ಯೂಟಿ ಮುಗಿಸಿ ಬರುವ ದಿನಗಳಿಗೆ ನಾನು ಹಳದಿ ಬಳಿದಿದ್ದೆ. ಅವತ್ತು ಅವನಿಗಿಷ್ಟವಾದ ಅಡುಗೆ ಮಾಡಲಿಕ್ಕೆ ಎಂದು ಅವನು ತಿಳಿದಿದ್ದ. ಅವತ್ತು ಗಾಜಿನ ಲೋಟ ಒಳಗಿಟ್ಟು ಸ್ಟೀಲಿನದು ಹೊರಗೆ ತೆಗೆಯುತ್ತಿದ್ದೆ, ಅಷ್ಟೇ.

ನಾನೂ ಸುಮ್ಮನಿದ್ದವಳಲ್ಲ. ಒಮ್ಮೆ ಲಟ್ಟಣಿಗೆಯಿಂದ ಅವನ ಮೊಣಕೈಗೆ ಬಿಗಿದಿದ್ದೆ. ಅದಕ್ಕೆ ಅವನು ನನ್ನ ಎಡಗೈಯನ್ನು ಹಿಡಿದು ಅಡುಗೆಮನೆಯ ಬಾಗಿಲ ಸಂದಿಗಿಟ್ಟು, ಬಾಗಿಲನ್ನು ಒದ್ದ. ಕಿರುಬೆರಳು ಮುರಿಯಿತು. ಆಮೇಲೆ ತಾನೇ ಎದುರಿಗೆ ಕೂತು ಅದನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿದ. "ಮೂರು ವಾರ ಒದ್ದೆ ಮಾಡ್ಬೇಡ" ಎಂದ, ರೋಗಿಗಳ ಹತ್ತಿರ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ. ಆ ದನಿಯನ್ನು ನಾನು ಬೂಟುಗಾಲಿಗಿಂತ ಹೆಚ್ಚು ದ್ವೇಷಿಸಿದೆ.

ಮನೆಯಲ್ಲಿ ಮೂರನೆಯವರಿದ್ದರೆ ಗಂಡಸರ ಕೈ ತಡೆಯುತ್ತದೆ ಅನ್ನುತ್ತಾರೆ. ಸುಳ್ಳು. ಅವನ ತಾಯಿ ಬಂದು ಆರು ತಿಂಗಳು ನಮ್ಮಲ್ಲಿದ್ದರು. ಮೊದಲ ಎರಡು ವಾರ ಅವನು ಬಂಗಾರದಂಥವನು. ಮೂರನೆಯ ವಾರ ನನ್ನನ್ನು ಮೆಟ್ಟಿಲ ಮೇಲಿಂದ ಜಡೆ ಹಿಡಿದು ಎಳೆದ. ಕೆಳಗೆ ನಡುಮನೆಯಲ್ಲಿ ಕೂತಿದ್ದ ಅತ್ತೆ ರಿಮೋಟ್ ತೆಗೆದುಕೊಂಡು ಟಿವಿಯ ದನಿ ಏರಿಸಿದರು. ಕೆಟ್ಟ ಹೆಂಗಸಲ್ಲ ಅವರು, ನನ್ನ ಕಾಲು ನೋವಿಗೆ ಎಣ್ಣೆ ಕಾಯಿಸಿಕೊಟ್ಟವರು. ಮುಂದೆ ಜಗಳದ ವಾಸನೆ ಬಂದರೆ ಸಾಕು, ಅವರ ಕೈ ತಾನಾಗಿ ರಿಮೋಟಿಗೆ ಹೋಗುತ್ತಿತ್ತು.

ಇಂಥ ಮನೆಗೆ ಅಕ್ಕನ ಮಗಳು ಬಂದು ಇರುವ ಮಾತು ಎದ್ದಿತು.

ಅಕ್ಕ, ಭಾವ ಇದ್ದದ್ದು ಡರ್ಬಿಯಲ್ಲಿ. ಭಾವ ವಿಮಾನದ ಎಂಜಿನ್ನುಗಳ ಕೆಲಸದವರು, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಮನುಷ್ಯ. ಒಬ್ಬಳೇ ಮಗಳು, ಹದಿನೆಂಟು ವರ್ಷ, ಮೆಡಿಕಲ್ ಓದಬೇಕೆಂದು ಎರಡು ವರ್ಷ ನಿದ್ದೆಗೆಟ್ಟವಳು. ಅವಳಿಗೆ ಎರಡು ಕಡೆಯಿಂದ ಆಫರ್ ಬಂದಿತ್ತು, ನಾಟಿಂಗ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್. ಫೀಸು ಎರಡೂ ಕಡೆ ಒಂದೇ, ಅದಕ್ಕೆ ಸರ್ಕಾರದ ಸಾಲವೂ ಸಿಗುತ್ತದೆ. ವ್ಯತ್ಯಾಸವೆಲ್ಲ ಇರುವ ಜಾಗದ್ದು. ನಾಟಿಂಗ್‌ಹ್ಯಾಮ್ ಆದರೆ ಮನೆಯಿಂದಲೇ ರೈಲಿನಲ್ಲಿ ಓಡಾಡಬಹುದು. ಮ್ಯಾಂಚೆಸ್ಟರ್ ಆದರೆ ಐದು ವರ್ಷ ಬಾಡಿಗೆ. ಊಟ, ವಸತಿಯ ಖರ್ಚಿನ ಸಾಲವನ್ನು ಅಪ್ಪನ ಸಂಬಳ ನೋಡಿ ಕೊಡುತ್ತಾರೆ, ಸಂಬಳ ಹೆಚ್ಚಿದ್ದಷ್ಟೂ ಸಾಲ ಕಡಿಮೆ. ಭಾವನ ಸಂಬಳಕ್ಕೆ ಸಿಗುವುದು ಹಾಸ್ಟೆಲಿನ ಬಾಡಿಗೆಗೂ ಸಾಲದು. ಹುಡುಗಿಯ ಜೀವವೆಲ್ಲ ಮ್ಯಾಂಚೆಸ್ಟರಿನ ಮೇಲೆ.

ಒಂದು ಭಾನುವಾರ ಮೂವರೂ ನಮ್ಮಲ್ಲಿಗೆ ಊಟಕ್ಕೆ ಬಂದರು. ಬುಧವಾರದೊಳಗೆ ಹುಡುಗಿ ಯಾವುದಾದರೂ ಒಂದನ್ನು ಆರಿಸಿ ತಿಳಿಸಬೇಕಿತ್ತು. ಬಿಸಿಬೇಳೆಬಾತ್ ಮುಗಿದು ಮೊಸರನ್ನಕ್ಕೆ ಬರುವಾಗ ಭಾವ ಲ್ಯಾಪ್‌ಟಾಪ್ ತೆರೆದು ಖರ್ಚಿನ ಪಟ್ಟಿ ತೋರಿಸಿದರು. ಮೊದಲ ಸಾಲು ನಾಟಿಂಗ್‌ಹ್ಯಾಮ್, ಎರಡನೆಯದು ಮ್ಯಾಂಚೆಸ್ಟರ್ ಹಾಸ್ಟೆಲು, ಮೂರನೆಯದರ ತಲೆಯ ಮೇಲೆ 'ಚಿಕ್ಕಮ್ಮನ ಮನೆ' ಎಂದು ಬರೆದಿತ್ತು. ಅದರ ಕೆಳಗೆ ಬಾಡಿಗೆಯ ಜಾಗದಲ್ಲಿ ಸೊನ್ನೆ.

"ನಿಂಗೆ ತೊಂದ್ರೆ ಇಲ್ಲಾಂದ್ರೆ ಮಾತ್ರ ಕಣಮ್ಮ" ಎಂದರು ಭಾವ, ಸಂಕೋಚದಲ್ಲಿ.

"ಅದನ್ನ ಕೇಳೋದೇನಿದೆ? ಮೇಲಿನ ರೂಮು ಖಾಲಿ ಬಿದ್ದಿದೆ. ನಮ್ಮ ಮನೆ ಮಗು ಹಾಸ್ಟೆಲ್‌ನಲ್ಲಿ ಇರೋದಾ?" ಎಂದ ನನ್ನ ಗಂಡ. ಹುಡುಗಿಯ ತಟ್ಟೆಗೆ ತಾನೇ ಎದ್ದು ಹಪ್ಪಳ ಹಾಕಿದ. ಅವಳು ಕಣ್ಣರಳಿಸಿ "ಥ್ಯಾಂಕ್ಯೂ ಸೋ ಮಚ್, ಚಿಕ್ಕಪ್ಪ" ಎಂದಳು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆಸೆಯಾಯಿತು. ಅತ್ತೆಯ ರಿಮೋಟು ಗೊತ್ತಿದ್ದೂ ಆಸೆಯಾಯಿತು. ಈ ಹುಡುಗಿ ಬೇರೆ, ಇಲ್ಲಿ ಹುಟ್ಟಿದವಳು, ಇವಳ ಎದುರಿಗೆ ಅವನಿಗೆ ನಾಚಿಕೆಯಾದೀತು, ವಾರಕ್ಕೊಂದು ದಿನವಾದರೂ ಮೈ ಉಳಿದೀತು ಎಂದು ಲೆಕ್ಕ ಹಾಕಿದೆ. ಹೆತ್ತ ಮಗಳಂಥವಳನ್ನು ಅಡ್ಡ ನಿಲ್ಲಿಸಿಕೊಂಡು ಏಟು ತಪ್ಪಿಸಿಕೊಳ್ಳುವ ಲೆಕ್ಕ ಅದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಆಗಲ್ಲ ಭಾವ" ಎಂದೆ.

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನಾನು ಏನೇನೋ ಬಡಬಡಿಸಿದೆ. ರೂಮಿನ ಗೋಡೆಗೆ ತೇವ ಹಿಡಿದಿದೆ, ಟ್ರಾಮ್ ದೂರ. ಟ್ರಾಮ್ ನಿಲ್ದಾಣವನ್ನು ಅವರು ಬರುವ ದಾರಿಯಲ್ಲಿ ನೋಡಿಕೊಂಡೇ ಬಂದಿದ್ದರು, ಐದು ನಿಮಿಷದ ನಡಿಗೆ. ಅಕ್ಕ ನನ್ನ ಮಣಿಕಟ್ಟು ಹಿಡಿದು, "ಇಲ್ಲ ಅನ್ಬೇಡ ಕಣೇ, ನಿಂಗೆ ಕೈ ಮುಗೀತೀನಿ" ಎಂದಳು. ಹಾಗೆ ಬೇಡುವವಳೇ ಅಲ್ಲ ನನ್ನಕ್ಕ. ಅವರು ಈ ದೇಶಕ್ಕೆ ಬರುವ ಮೊದಲು, ಮೈಸೂರಿನಲ್ಲಿ ನಾನು ಡಿಗ್ರಿ ಓದಿದ್ದು ಅವಳ ಮನೆಯಲ್ಲಿದ್ದುಕೊಂಡು. ಮೂರು ವರ್ಷ ಬೆಳಗ್ಗೆ ನನಗೆ ಡಬ್ಬಿ ಕಟ್ಟಿದವಳು ಅವಳು, ನನ್ನ ಪರೀಕ್ಷೆಯ ಫೀಸು ಕಟ್ಟಿದವರು ಈ ಭಾವ. ಅಂಥವರ ಮಗಳಿಗೆ ನನ್ನ ಮನೆಯಲ್ಲಿ ಜಾಗವಿಲ್ಲ ಎಂದೆ.

"ಬಾಡಿಗೆ ತಗೊಳೇ, ಹಾಗಾದ್ರೆ" ಎಂದಳು ಅಕ್ಕ. ಅದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಹುಡುಗಿ ತಲೆ ತಗ್ಗಿಸಿಕೊಂಡು ಹಪ್ಪಳವನ್ನು ಪುಡಿ ಮಾಡುತ್ತಿದ್ದಳು. ಯಾರೂ ಮೊಸರನ್ನ ಮುಗಿಸಲಿಲ್ಲ.

ಅವರ ಕಾರು ಮೂಲೆ ತಿರುಗುವ ತನಕ ಅವನು ಬಾಗಿಲಲ್ಲಿ ನಿಂತು ಕೈ ಬೀಸಿದ. ಮೇ ತಿಂಗಳ ಸಂಜೆ, ಇನ್ನೂ ಚೆನ್ನಾಗಿ ಬಿಸಿಲಿತ್ತು, ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಬಾಗಿಲು ಹಾಕಿದವನೇ ನನ್ನ ಕತ್ತಿನ ಹಿಂಭಾಗ ಹಿಡಿದು ಊಟದ ಮೇಜಿನವರೆಗೆ ತಳ್ಳಿಕೊಂಡು ಹೋದ.

"ನನ್ನ ಮಾನ ಕಳೀತೀಯಾ? ನಾನು ಹೂಂ ಅಂದ್ಮೇಲೆ ನೀನು ಯಾವಳೇ ಇಲ್ಲ ಅನ್ನೋಕೆ?"

ಮುಖವನ್ನು ಮೊಸರನ್ನದ ಪಾತ್ರೆಗೆ ಒತ್ತಿದ. ಮೂಗಿಗೆ ಮೊಸರು ಹೋಗಿ ಉಸಿರು ಕಟ್ಟಿತು. ಮೇಲೆತ್ತಿದಾಗ ನಾನು ಅವನ ಮುಖಕ್ಕೇ ಉಗಿದೆ. ಅದಕ್ಕೆ ಕುರ್ಚಿ ಬಂತು, ಪಕ್ಕೆಗೆ. ಬಿದ್ದ ಮೇಲೆ ಕಾಲು ಬಂತು, ಅದೇ ಜಾಗಕ್ಕೆ, ಎಣಿಸಿದಂತೆ ಮೂರು ಸಲ. ಹೊರಗೆ ಹುಲ್ಲಿನ ಯಂತ್ರ ಓಡುತ್ತಲೇ ಇತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವರು ಯಾರೋ ಕಾಣೆ, ಅವರ ಬಾಯಿಗೆ ಮಣ್ಣು ಬೀಳಲಿ. ನಾನು ನೆಲದಲ್ಲಿರುವಾಗಲೇ ಅವನು ಫೋನು ತೆಗೆದು ಅಕ್ಕನಿಗೆ ಮಾಡಿದ.

"ಅತ್ತಿಗೆ, ಅವಳು ಒಪ್ಕೊಂಡ್ಲು. ಏನೋ ತಲೆನೋವು ಅವಳಿಗೆ, ಅದಕ್ಕೇ ಹಾಗಂದಳು. ಮಗೂಗೆ ಹೇಳಿ, ಮ್ಯಾಂಚೆಸ್ಟರ್ ಅಂತಾನೇ ಕಳ್ಸಿಬಿಡ್ಲಿ." ಅದೇ ಮೆತ್ತನೆಯ ದನಿ.

ಸೋಮವಾರ ಬೆಳಗ್ಗೆ ಅವನು ಆಸ್ಪತ್ರೆಗೆ ಹೋದ ಮೇಲೆ ನಾನು ಸ್ನಾನದ ಮನೆಯಲ್ಲಿ ಕನ್ನಡಿ ನೋಡಿಕೊಂಡೆ. ಪಕ್ಕೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಉಸಿರು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಆ ಹುಡುಗಿ ಮೇಲಿನ ರೂಮಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ದನಿ ಏರಿಸಿಕೊಂಡು ಓದುತ್ತಿರುವುದು ಕಣ್ಣ ಮುಂದೆ ಬಂತು. ಮೊದಲ ವರ್ಷ ಅಳುತ್ತಾಳೆ, ಎರಡನೆಯ ವರ್ಷ ರೂಢಿಯಾಗುತ್ತದೆ. ಡಾಕ್ಟರಾಗಿ ಹೊರಗೆ ಬರುವಾಗ ಹೆಂಗಸೊಬ್ಬಳು ಬಿದ್ದ ಸದ್ದು ಕೇಳಿಯೂ ತಲೆಯೆತ್ತದವಳಾಗಿರುತ್ತಾಳೆ. ಅಕ್ಕನ ಋಣವನ್ನು ನಾನು ತೀರಿಸುವುದು ಹೀಗೆಯೇ? ಅಕ್ಕನಿಗೆ ಫೋನು ಮಾಡಿದೆ.

"ಅವಳನ್ನ ಇಲ್ಲಿಗೆ ಕಳಿಸ್ಬೇಡ ಕಣೇ ಅಕ್ಕ. ಇವರು ನನಗೆ ಹೊಡೀತಾರೆ."

ಅಕ್ಕ ಕಿರುಚುತ್ತಾಳೆ, ಅಳುತ್ತಾಳೆ, ನಂಬುವುದಿಲ್ಲ, ಏನೇನೋ ಎಣಿಸಿದ್ದೆ.

"ಗೊತ್ತು" ಎಂದಳು.

"ಏನು ಗೊತ್ತು?"

"ಹೋದ ದೀಪಾವಳಿಲಿ ನೀನು ಮೇಲಿಂದ ಡಬ್ಬ ತೆಗೀತಿದ್ಯಲ್ಲ, ತೋಳು ಜಾರಿತು. ನಾಕು ಬೆರಳಿನ ಗುರುತು ನೋಡ್ದೆ. ನಿಮ್ಮ ಭಾವಂಗೆ ಹೇಳಿಲ್ಲ. ಅದಕ್ಕೇ ಕಣೇ ಇವಳನ್ನ ನಿನ್ನ ಹತ್ರ ಇಡೋಣ ಅಂದಿದ್ದು. ದುಡ್ಡೇನು, ಮನೆ ಮೇಲೆ ಸಾಲ ತೆಗೆದಾದ್ರೂ ಹೊಂದಿಸ್ತಿದ್ವಿ. ಮನೇಲಿ ಇನ್ನೊಂದು ಜೀವ ಇದ್ರೆ ಅವನು ಕೈ ಎತ್ತಲ್ಲ ಅಂದ್ಕೊಂಡೆ."

ನನ್ನ ಗಂಡನ ಮೇಲೂ ಬರದಷ್ಟು ಸಿಟ್ಟು ನನಗೆ ಆಗ ಬಂತು. ನೋಡಿದ್ದಾಳೆ. ನೋಡಿ ಆರು ತಿಂಗಳಿಗೂ ಹೆಚ್ಚು ಸುಮ್ಮನಿದ್ದಾಳೆ. ಬಾಯಿ ಬಿಟ್ಟು 'ಏನೇ ಅದು' ಎಂದು ಕೇಳಲಾರದೆ ಗಂಡನ ಕೈಯಲ್ಲಿ ಖರ್ಚಿನ ಪಟ್ಟಿ ಮಾಡಿಸಿದ್ದಾಳೆ, ಹೆತ್ತ ಮಗಳನ್ನು ನನಗೆ ಕಾವಲು ಕಳಿಸಲಿಕ್ಕೆ ಹೊರಟಿದ್ದಾಳೆ. ನಿನ್ನೆ ಮೇಜಿನ ಮುಂದೆ ನಾನು ನಾಚಿಕೆಪಟ್ಟು ನುಂಗಿದ ಅದೇ ಲೆಕ್ಕವನ್ನು ಇವಳು ತಿಂಗಳುಗಟ್ಟಲೆ ಹಾಕಿದ್ದಳು.

"ಥೂ, ತಾಯೇನೇ ನೀನು?" ಎಂದು ಕೂಗಿದೆ. ಪಕ್ಕೆ ಹಿಡಿದುಕೊಂಡಿತು. "ಓದೋ ಹುಡುಗೀನ ಹುಲಿ ಬೋನಿಗೆ ಹಾಕ್ತೀಯಾ? ಅವಳಿಗೇ ಹೊಡೆದಿದ್ರೆ?"

"ನೀನು ಬಾಯಿ ಬಿಟ್ಟಿದ್ಯಾ ನನ್ನ ಹತ್ರ? ಹನ್ನೊಂದು ವರ್ಷ ನಗ್ತಾ ನಗ್ತಾ ಬಡಿಸಿದ್ಯಲ್ಲೇ!" ಎಂದು ಅವಳೂ ಕಿರುಚಿದಳು. ಇಬ್ಬರೂ ಬೀದಿ ನಲ್ಲಿಯ ಹತ್ತಿರ ಕಿತ್ತಾಡುವವರ ಹಾಗೆ ಬೈದಾಡಿದೆವು. ಬೈದು ಬೈದು ಅವಳು ಅಳಲಿಕ್ಕೆ ಶುರು ಮಾಡಿದಳು. ಫೋನು ಯಾರದೋ ಕೈಗೆ ಹೋಯಿತು.

"ಚಿಕ್ಕಮ್ಮ? ವೈ ಈಸ್ ಅಮ್ಮ ಕ್ರೈಯಿಂಗ್?"

ಏನೂ ಇಲ್ಲ ಪುಟ್ಟ ಎಂದು ಹೇಳುವುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೇ ಎಲ್ಲರಿಗೂ ಹೇಳಿ ಹೇಳಿ ಇಲ್ಲಿಗೆ ಬಂದು ಮುಟ್ಟಿದ್ದೆ. "ಚಿಕ್ಕಪ್ಪ ನನ್ನನ್ನ ಹೊಡೀತಾರೆ. ಬಹಳ ವರ್ಷದಿಂದ. ನಿನ್ನೆ ನೀವು ಹೋದ್ಮೇಲೂ ಹೊಡೆದ್ರು. ಅದಕ್ಕೇ ನೀನು ಇಲ್ಲಿಗೆ ಬರಬಾರದು ಅಂದೆ. ನೀನು ಬೇಡ ಅಂತಲ್ಲ" ಎಂದೆ.

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅದು. ಹುಡುಕಿ ಹುಡುಕಿ ಕನ್ನಡದಲ್ಲಿ ಕೇಳಿದಳು:

"ಎಲ್ಲಿ ನೋಯ್ತಿದೆ, ಚಿಕ್ಕಮ್ಮ?"

ಹನ್ನೊಂದು ವರ್ಷ ಡಾಕ್ಟರನ ಜೊತೆ ಬಾಳಿದ್ದೆ. ಡಾಕ್ಟರುಗಳ ಬೀದಿಯಲ್ಲಿದ್ದೆ. ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ನಾನು ನೆಲದ ಮೇಲೆ ಕೂತುಕೊಂಡು ಹೇಳಲಿಕ್ಕೆ ಶುರು ಮಾಡಿದೆ. ಪಕ್ಕೆ, ಬಲಗಡೆ. ಉಸಿರೆಳೆದರೆ ಚುಚ್ಚುತ್ತದೆ. ಕತ್ತಿನ ಹಿಂದೆ. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ "ಬಾಗಿಲು ಲಾಕ್ ಮಾಡ್ಕೊಳಿ, ನಾನೂ ಅಪ್ಪನೂ ಬರ್ತೀವಿ" ಎಂದಳು.

ಅವರು ಮಧ್ಯಾಹ್ನದೊಳಗೆ ಬಂದರು. ನಾನು ಪಾಸ್‌ಪೋರ್ಟು ಮತ್ತು ಎರಡು ಜೊತೆ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಅವಳು ಕಾರಿನಿಂದ ಇಳಿದು ಬಂದು, ನನ್ನ ಬ್ಯಾಗನ್ನು ಕೈಗೆ ತೆಗೆದುಕೊಂಡು, ನೋಯದ ಕಡೆಯಿಂದ ನನ್ನನ್ನು ಹಿಡಿದುಕೊಂಡಳು.