ಹೊಟ್ಟೆನೋವಿನ ರಜೆ

ಸುಳ್ಳು ಹೇಳುವುದನ್ನು ನೀಲಕ್ಕನಿಗೆ ಕಲಿಸಿದವಳು ನಾನೇ. ನೀವು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಎಪ್ಪತ್ತೇಳರಲ್ಲಿ ಅವಳೂ ಅವಳ ಗಂಡ ಪಂಚಪ್ಪನೂ ರೋಣದ ಕಡೆಯಿಂದ ಬಂದು, ಯಶವಂತಪುರದ ನಮ್ಮ ವಠಾರದಲ್ಲಿ ನನ್ನ ಪಕ್ಕದ ಮನೆ ಹಿಡಿದರು. ಮದುವೆಯಾಗಿ ಮೂರು ತಿಂಗಳಾಗಿತ್ತು. ತುಮಕೂರು ರಸ್ತೆಯ ಕಾರ್ಖಾನೆಯಲ್ಲಿ ಅವನದು ಪಾಳಿ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ, ಭಾನುವಾರ ಓವರ್‌ಟೈಮ್. ಅವನು ಬಂದಾಗ ಅವಳಿಗೆ ನಿದ್ದೆ, ಅವಳು ಎದ್ದಾಗ ಅವನಿಗೆ ನಿದ್ದೆ.

"ಅವ್ರ ಮುಖಕ್ಕಿಂತ ಬೆನ್ನ ನಂಗ ಚೊಲೋ ಗೊತ್ತೈತ್ರೀ ಅಕ್ಕಾರ," ಎಂದು ಒಂದು ದಿನ ನಕ್ಕಳು. ನಗುವ ಮಾತಲ್ಲ ಅದು.

"ಅದಕ್ಯಾಕೆ ಅಷ್ಟು ಕೊರಗ್ತೀಯ? ಕಾರ್ಮಿಕರ ಆಸ್ಪತ್ರೆಗೆ ಹೋಗಿ ಹೊಟ್ಟೆನೋವು ಅನ್ನೋಕೆ ಹೇಳು. ಮೂರು ದಿನಕ್ಕೆ ರಜೆ ಚೀಟಿ ಬರ್ಕೊಡ್ತಾರೆ. ನಮ್ಮೋರೆಲ್ಲ ಹಂಗೇ ಮಾಡೋದು," ಎಂದೆ. ಜ್ವರವೆಂದರೆ ಥರ್ಮಾಮೀಟರು ಗುಟ್ಟು ರಟ್ಟು ಮಾಡುತ್ತದೆ. ಕೆಮ್ಮೆಂದರೆ ಕೆಮ್ಮಿ ತೋರಿಸಬೇಕು. ಹೊಟ್ಟೆನೋವನ್ನು ಕಣ್ಣಾರೆ ಕಂಡವರು ಯಾರು?

ಪಂಚಪ್ಪ ಹೆದರುತ್ತಲೇ ಹೋಗಿ ಚೀಟಿ ತಂದ. ಆ ಮೂರು ದಿನ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಬಡಿಯುತ್ತಿದ್ದವನು ಅವನು, ನಗುತ್ತಿದ್ದವಳು ಅವಳು. ಒಂದು ಸಂಜೆ ಹೆಬ್ಬಾಳ ಕೆರೆ ಏರಿಯ ಮೇಲೆ ಕೂತು ಬಂದರು. ಮರುವರ್ಷ ಇನ್ನೊಮ್ಮೆ ಹೊಟ್ಟೆನೋವು, ಇನ್ನೊಂದು ಮೂರು ದಿನ.

ಎಪ್ಪತ್ತೊಂಬತ್ತರ ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡೂಟ, ಇಸ್ಪೀಟು. ಕಾರ್ಖಾನೆ ರಜೆ ಕೊಡುವುದಿಲ್ಲ, ಆದ್ದರಿಂದ ಪ್ರತಿ ವರ್ಷ ಅವತ್ತೇ ಅರ್ಧ ಕಾರ್ಖಾನೆಗೆ ಹೊಟ್ಟೆನೋವು ಬರುತ್ತದೆ. ಪಂಚಪ್ಪ ಲಿಂಗ ಕಟ್ಟಿದವನು, ಬಾಡು ಮುಟ್ಟುವವನಲ್ಲ. ಅವನ ಊರಲ್ಲಿ ಹೊಸತೊಡಕೆಂಬ ಹೆಸರೇ ಇಲ್ಲ. ಅವನಿಗೆ ನಿಜವಾದ ಹೊಟ್ಟೆನೋವು ಬಂದದ್ದು ಅದೇ ಬೆಳಿಗ್ಗೆ.

ನೆಟ್ಟಗೆ ನಿಲ್ಲಲಾರದವನನ್ನು ನಾವಿಬ್ಬರೂ ಹಿಡಿದುಕೊಂಡು ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋದೆವು. ಅಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರ ಕೈಯೂ ಹೊಟ್ಟೆಯ ಮೇಲೆ.

"ನಿನಗೂ ಹೊಸತೊಡಕು ಹೊಟ್ಟೆನೋವೇನಪ್ಪಾ?" ಎಂದು ಕಾಂಪೌಂಡರ್ ಮುನಿವೆಂಕಟಯ್ಯ ನಕ್ಕ.

ಡಾಕ್ಟರು ಕಾರ್ಡು ತಿರುವಿದರು. ಹಿಂದಿನ ಎರಡೂ ಸಲದ್ದು ಅದರಲ್ಲಿತ್ತು. "ಇವನದು ಹಾಡಿದ್ದೇ ಹಾಡು," ಎಂದು ತಲೆಯೆತ್ತದೆ ಬರೆದರು: ಗುಲಾಬಿ ಬಣ್ಣದ ಔಷಧಿ, ಮೂರು ದಿನ ರಜೆ. ಅವನನ್ನು ಮಲಗಿಸಲಿಲ್ಲ, ಹೊಟ್ಟೆಯ ಮೇಲೆ ಒಂದು ಬೆರಳಿಡಲಿಲ್ಲ.

"ಸಾರ್, ಇವತ್ತು ನಿಜವಾಗ್ಲೂ ನೋವಿದೆ," ಎಂದೆ.

"ಎಲ್ಲರದ್ದೂ ನಿಜಾನೇ ಅಮ್ಮ. ಮುಂದಿನೋರು ಬನ್ನಿ."

ಊರಿನ ಬಾಯನ್ನೇ ಮುಚ್ಚಿಸುವ ನಾನು ಅವತ್ತು ಸುಮ್ಮನೆ ಹೊರಗೆ ಬಂದೆ. ಆ ಕಾರ್ಡಿನಲ್ಲಿದ್ದದ್ದು ನನ್ನದೇ ಪಾಠ, ಯಾವ ಮುಖ ಇಟ್ಟುಕೊಂಡು ಜಗಳವಾಡಲಿ?

ಮರುದಿನ ಬೆಳಿಗ್ಗೆ ನೋವು ತಟ್ಟನೆ ಇಳಿಯಿತು. "ಕಡಿಮಿ ಆತ್ರೀ ಅಕ್ಕಾರ. ಇನ್ನ ಎರಡ ದಿನ ಮನ್ಯಾಗ ಇರ್ತಾರ," ಎಂದು ನೀಲಕ್ಕ ಹೋಳಿಗೆಗೆ ಬೇಳೆ ಹಾಕಿದಳು. ಸಂಜೆಗೆ ಮೈ ಕೆಂಡ, ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಮತ್ತೆ ಓಡಿದೆವು. ಈ ಸಲ ಬೇರೆ ಡಾಕ್ಟರು. ಹೊಟ್ಟೆ ಮುಟ್ಟಿದ ಕೂಡಲೇ ಅವರ ಮುಖ ಬದಲಾಯಿತು. ಅಪೆಂಡಿಕ್ಸ್ ಒಡೆದು ಕೀವು ಹರಡಿದೆ, ನೋವು ಇಳಿದದ್ದೂ ಅದಕ್ಕೇ ಎಂದರು. "ನಿನ್ನೆ ಯಾರೂ ಮುಟ್ಟಿ ನೋಡ್ಲಿಲ್ವಾ?" ಎಂದು ಕೇಳಿದರು. ಆಪರೇಷನ್ ಮಾಡಿದರು. ಪಂಚಪ್ಪ ಉಳಿಯಲಿಲ್ಲ.

ಆ ಮೊದಲ ಡಾಕ್ಟರನ್ನು ಯಾರೂ ಏನೂ ಕೇಳಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನೀಲಕ್ಕ ಊರಿಗೆ ಹೋಗಲಿಲ್ಲ. ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಪಾಳಿ ಬಿಡುವ ಹೊತ್ತಿಗೆ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ಗೇಟಿನ ಕಡೆ ನೋಡುತ್ತ ನಿಲ್ಲುತ್ತಾಳೆಂದು ಜೊತೆಯವರು ಹೇಳುತ್ತಿದ್ದರು. ವಠಾರದಲ್ಲಿ ಯಾರಿಗೆ ನೋವೆಂದರೂ ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದಳು. "ಕೈ ಇಟ್ಟ ನೋಡ್ರೀ ಸಾಹೇಬ್ರ," ಎಂದು ಹೇಳಿ, ಡಾಕ್ಟರು ಮುಟ್ಟುವವರೆಗೆ ಜಾಗ ಬಿಡುತ್ತಿರಲಿಲ್ಲ. ಬೈಸಿಕೊಂಡರೂ ಅಷ್ಟೇ.

ಏಳು ವರ್ಷ ನಾನು ಬಾಯಿ ಬಿಡಲಿಲ್ಲ. ಎಂಬತ್ತಾರರ ಒಂದು ಮಧ್ಯಾಹ್ನ, ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ತಡೆಯಲಾಗಲಿಲ್ಲ.

"ನಾನು ಆ ಸುಳ್ಳು ಕಲಿಸದೆ ಇದ್ದಿದ್ರೆ ಅವತ್ತು ಡಾಕ್ಟರು ನಂಬ್ತಿದ್ರು ಕಣೇ ನೀಲಾ. ತಪ್ಪು ನಂದು."

ಬೈಯಲಿ ಎಂದು ಕಾದೆ. ಅವಳು ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು.

"ಎರಡು ವರ್ಷ ಸಂಸಾರ ಮಾಡೀನ್ರೀ ಅಕ್ಕಾರ. ಅದ್ರಾಗ ಅವ್ರು ಹಗಲೊತ್ತಿನ್ಯಾಗ ನನ್ನ ಎದುರಿಗೆ ಕುಂತು ಮಾತಾಡಿದ್ದು ಆ ಆರು ದಿನ ಅಷ್ಟ. ಆ ದಿನಗಳ್ನ ಕೊಟ್ಟು ಅವ್ರನ್ನ ತರಾಕ ಬರ್ತಿದ್ರ ಇವತ್ತ ಕೊಡ್ತಿದ್ನಿ. ಅವ್ರಂತೂ ಬರಂಗಿಲ್ಲ. ಆ ಆರು ದಿನಾನೂ ತಪ್ಪು ಅಂದ್ಬಿಟ್ರ ನನ್ನ ಹತ್ರ ಏನ್ ಉಳೀತ್ರೀ?"